ಬೂದಿ ಬಣ್ಣದ ಹೇಂಟೆ

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆ. ಬೆಳಗಿನ ಹೊತ್ತು ಅತ್ತೆ ಮಂಕರಿಯನ್ನು ಎತ್ತಿದೊಡನೆ ಕೆಂಪು, ಕಪ್ಪು, ಕಂದು, ಬಿಳಿಯ ಮೇಲೆ ಕರಿಯ ಚುಕ್ಕೆ, ಹೀಗೆ ಒಂದೊಂದು ಕೋಳಿಯೂ ಒಂದೊಂದು ವೇಷ ತೊಟ್ಟು ಹೊರಬರುತ್ತದೆ. ವೀರಣ್ಣನವರ ನಾಟಕ ಕಂಪನಿ ಹುಟ್ಟಿದ ಸೀಮೆಯ ಕೋಳಿಗಳಲ್ಲವೆ!

ಈ ಮೇಳದ ನಡುವೆ ಕಳೆದ ಮಾಘಮಾಸದಲ್ಲಿ ಒಂದು ಹೇಂಟೆಯನ್ನು ಕಂಡು ನಾನು ನಿಂತುಬಿಟ್ಟೆ. ಅದರ ಮೈ ಒಲೆಯ ಬೂದಿಯ ಬಣ್ಣ. ಬಿಸಿಲು ಬಿದ್ದಾಗ ಆ ಬೂದಿಯೊಳಗೊಂದು ತೆಳುವಾದ ನೀಲಿ. ಕೊರಳು ಮಾತ್ರ ಮಳೆಮೋಡದಂತೆ ಕಪ್ಪು. ಎದೆಯ ಒಂದೊಂದು ಗರಿಗೂ ಸೀರೆಗೆ ಇರುವಂತೆ ಕರಿಯ ಅಂಚು.

“ಕಾಡುಹುಂಜ ಬಂದಿತ್ತು ಕಣೋ, ಅದರ ಪಿಳ್ಳೆ ಇದು,” ಎಂದರು ಅತ್ತೆ.

ದೇವರಾಯನದುರ್ಗದ ಕಾಡಿನಲ್ಲಿ ಕೂಗುವ ಬೂದು ಕಾಡುಕೋಳಿ ಅವರ ಮನಸ್ಸಿನಲ್ಲಿತ್ತು. ಊಹೆ ಪೂರಾ ತಪ್ಪೆನ್ನುವಂತಿಲ್ಲ. ಸಾಕುಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿಯೇ ಆದರೂ, ಅದರ ಹಳದಿ ಕಾಲು ಮಾತ್ರ ದಕ್ಷಿಣದ ಈ ಬೂದು ಕಾಡುಕೋಳಿಯಿಂದ ಬಂದ ಬಳುವಳಿ ಎಂಬುದನ್ನು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಆದರೆ ಅತ್ತೆಯ ಹೇಂಟೆಯ ಬೂದಿಬಣ್ಣದ ಕಥೆ ಬೇರೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಬೇಟ್ಸನ್ ಮತ್ತು ಪನ್ನೆಟ್ ಎಂಬ ವಿದ್ವಾಂಸರು ಅಂದಲೂಸಿಯದ ನೀಲಿ ಕೋಳಿಗಳನ್ನು ಸಾಕಿ ಈ ಒಗಟನ್ನು ಬಿಡಿಸಿದರು. ನೀಲಿಗೆ ನೀಲಿಯನ್ನೇ ಕೂಡಿಸಿದರೂ ಮರಿಗಳೆಲ್ಲ ನೀಲಿಯಾಗುವುದಿಲ್ಲ. ಸರಾಸರಿ 4 ಮರಿಗಳಲ್ಲಿ 2 ನೀಲಿ, 1 ಕಪ್ಪು. ಇನ್ನೊಂದು ಬಿಳಿಯ ಮೈಗೆ ಬೂದಿ ಎರಚಿದಂತಹುದು. ಕಪ್ಪನ್ನು ತಿಳಿಗೊಳಿಸುವ ಅಂಶ ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದರೆ ನೀಲಿ. ಇಬ್ಬರಿಂದಲೂ ಬಂದರೆ ಬಣ್ಣವೇ ಕರಗಿಹೋಗುತ್ತದೆ. ನೀಲಿ ಹೇಂಟೆಗೆ ಕರಿಯ ಹುಂಜ ಕೂಡಿದರೆ ಮರಿಗಳು ಸುಮಾರಾಗಿ ಅರ್ಧ ನೀಲಿ, ಅರ್ಧ ಕಪ್ಪು.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಕೆಲವು ಬಣ್ಣಗಳು ಅಡಗಿ ಬದುಕುತ್ತವೆ. ಕಪ್ಪು ಕೋಳಿಗಳ ರಕ್ತದಲ್ಲಿ ಬಿಳುಪು ನಾಲ್ಕಾರು ತಲೆಮಾರು ಸದ್ದಿಲ್ಲದೆ ಹರಿದು, ಯಾರೂ ನಿರೀಕ್ಷಿಸದ ದಿನ ಒಂದು ಮರಿಯ ಮೈಮೇಲೆ ಕಾಣಿಸಿಕೊಳ್ಳಬಹುದು. ನೀಲಿಗೆ ಆ ಉಪಾಯ ತಿಳಿಯದು. ಕರಿಯ ಗರಿಯಿದ್ದ ಕಡೆ ಅದು ತೋರಿಯೇ ತೀರಬೇಕು. ಹಿತ್ತಿಲಿನ ಕಡೆಯ ನೀಲಿ ಕೋಳಿ ಸಾರಿನ ಗಡಿಗೆಗೆ ಬಿದ್ದ ದಿನ, ಆ ಹಿತ್ತಿಲಿನ ಕರಿಯ ಕೋಳಿಗಳಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ತುಮಕೂರಿನ ಕೋಳಿ ಅಂಗಡಿಗಳ ಮುಂದೆ ಜಾಲರಿಯ ಪೆಟ್ಟಿಗೆಗಳಲ್ಲಿ ಒತ್ತಿಕೊಂಡು ಕುಳಿತ ಬಿಳಿಯ ಹಕ್ಕಿಗಳನ್ನು ನೋಡಿದವರಿಗೆ ಬಣ್ಣದ ಮಾತೇ ವಿಚಿತ್ರವೆನಿಸೀತು. ಆ ಬಿಳುಪನ್ನು ವ್ಯಾಪಾರ ಆರಿಸಿಕೊಂಡದ್ದು. ಪುಕ್ಕ ಕಿತ್ತ ಮೇಲೆ ಚರ್ಮದಲ್ಲಿ ಕರಿಯ ಮೊಳಕೆ ಉಳಿಯಬಾರದಷ್ಟೆ. ಹಳ್ಳಿಯವರ ಕಣ್ಣು ಬೇರೆ. ಅದನ್ನು ಅರಿತೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಗಿರಿರಾಜ ಕೋಳಿಯನ್ನು ಬಣ್ಣಬಣ್ಣವಾಗಿ ರೂಪಿಸಿತು. ನಮ್ಮ ನೆರೆಯ ಆಂಧ್ರದ ಗಡಿಯ ಎರಡೂ ಕಡೆ ಇರುವ ಘಾಗಸ್ ತಳಿಗೆ ರಾಷ್ಟ್ರೀಯ ತಳಿಪಟ್ಟಿಯಲ್ಲಿ ಸ್ಥಾನ ದೊರೆತಿದೆ. ಅತ್ತೆಯ ಹಿತ್ತಿಲಿನ ಕೋಳಿ ಬರಿಯ ‘ನಾಟಿ’. ಅತ್ತ ಕುಣಿಗಲ್ ಹೆಸರಾದದ್ದು ಕುದುರೆ ಫಾರಂನಿಂದ. ಜೂಜಿನ ಕುದುರೆ ಈದರೆ ಮರಿಯ ಬಣ್ಣ, ಹಣೆಯ ಚುಕ್ಕೆ, ತಂದೆತಾಯಿಗಳ ಹೆಸರು ಎಲ್ಲವೂ ತಳಿಪುಸ್ತಕಕ್ಕೆ ಏರುತ್ತದೆ. ಅದೇ ಕುಣಿಗಲಿನ ಹಿತ್ತಿಲಲ್ಲಿ ಒಡೆದ ಕೋಳಿಮೊಟ್ಟೆಗೆ ಮನೆಯ ಮುದುಕಿಯ ನೆನಪೇ ಪುಸ್ತಕ.

ಆ ಹೇಂಟೆಯನ್ನು ಅತ್ತೆ ಹೊಸತೊಡಕಿಗೆಂದು ಲೆಕ್ಕ ಹಾಕಿಟ್ಟಿದ್ದರು. ಯುಗಾದಿಯ ಮರುದಿನ ಅಳಿಯಂದಿರು ಬರುವ ಮನೆ. ಸಾರಿಗೆ ಕೋಳಿ ಬೇಕು.

“ಇದೊಂದನ್ನು ಉಳಿಸಿ ಅತ್ತೆ, ಬೇಕಾದರೆ ಹಣ ಕೊಡುತ್ತೇನೆ,” ಎಂದೆ.

“ಮನೆ ಕೋಳೀನ ನಿಂಗೆ ಮಾರ್ತೀನೇನೋ? ಬಣ್ಣ ನೋಡ್ಕೊಂಡು ಯಾರಾದ್ರೂ ಸಾರು ಮಾಡ್ತಾರಾ?” ಎಂದು ಗದರಿಸಿದರು.

ಹಣದ ಮಾತೆತ್ತಿದ್ದಕ್ಕೆ ನನಗೇ ನಾಚಿಕೆಯಾಯಿತು. ತಳಿಯ ವಿಚಾರವನ್ನು ನನಗೆ ಬಂದಂತೆ ವಿವರಿಸಿದೆ. ಅವರು ಅಕ್ಕಿ ಆರಿಸುತ್ತ ಕೇಳಿದರು, ಏನೂ ಹೇಳಲಿಲ್ಲ.

ಹೊಸತೊಡಕಿಗೆ ಹೋದಾಗ ಕರಿಯ ಹುಂಜ ಕಾಣಲಿಲ್ಲ. ಬೂದಿ ಹೇಂಟೆ ಕೊಟ್ಟಿಗೆಯ ಮೂಲೆಯಲ್ಲಿ ತನ್ನದೇ 11 ಮೊಟ್ಟೆಗಳ ಮೇಲೆ ಕಾವಿಗೆ ಕುಳಿತಿತ್ತು. ಹತ್ತಿರ ಹೋದರೆ ಗರಿ ಕೆದರಿ ಕುಕ್ಕಲು ಬಂತು. 21ನೆಯ ದಿನಕ್ಕೆ 8 ಮರಿಗಳು ಒಡೆದುವು. ಅವುಗಳಲ್ಲಿ 3 ಬೂದಿ. ಒಂದನ್ನು ಹದ್ದು ಎತ್ತಿತು, ಇನ್ನೊಂದು ಬೆಕ್ಕಿನ ಪಾಲಾಯಿತು. ಉಳಿದದ್ದು ಹುಂಜವೋ ಹೇಂಟೆಯೋ ಇನ್ನೂ ಗೊತ್ತಾಗುತ್ತಿಲ್ಲವೆಂದು ಅತ್ತೆ ಮೊನ್ನೆ ಫೋನಿನಲ್ಲಿ ಹೇಳಿದರು. ರಾತ್ರಿ ಅದನ್ನು ಅಡುಗೆಮನೆಯೊಳಗೇ ಕವುಚಿಡುತ್ತಿದ್ದಾರಂತೆ.