ಜೀಪು ಎತ್ತರಿಸುವ ಮುನ್ನ

ಫೋರ್ ವೀಲ್ ಡ್ರೈವ್ ವಾಹನದ ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರ ಹೆಚ್ಚಿಸುವ ಕೆಲಸವೇ ಸಸ್ಪೆನ್ಶನ್ ಲಿಫ್ಟ್. ಚಾಸಿಯ ಮೇಲಿನ ಬಾಡಿಯನ್ನಷ್ಟೇ ಎತ್ತುವ ಬಾಡಿ ಲಿಫ್ಟ್ ಬೇರೆ. ವಾಡಿ, ಶಹಾಬಾದ್ ಸುತ್ತಲಿನ ಫರ್ಸಿ ಗಣಿಗಳ ಕಲ್ಲುದಾರಿಯಲ್ಲಿ, ಚಿಂಚೋಳಿಯ ಗುಡ್ಡಗಾಡಿನ ಕೊರಕಲಿನಲ್ಲಿ ಗಾಡಿಯ ಹೊಟ್ಟೆ ತಾಗದಂತೆ ಸಾಗಲು, ದೊಡ್ಡ ಟೈರಿಗೆ ಜಾಗ ಮಾಡಲು ಇದು ನೆರವಾಗುತ್ತದೆ.

ವಿಧಾನ ಗಾಡಿಯಿಂದ ಗಾಡಿಗೆ ಬೇರೆ. ಮಹೀಂದ್ರ ಎಂಎಂ 540, ಮಾರುತಿ ಜಿಪ್ಸಿಗಳಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಅಂದರೆ ಪಾಟಾ. ಇವುಗಳಲ್ಲಿ ಹೆಚ್ಚು ಬಾಗಿದ ಪಾಟಾ ಅಥವಾ ಉದ್ದನೆಯ ಶಾಕಲ್ ಹಾಕುತ್ತಾರೆ. ಆಕ್ಸಲ್ ಕೆಳಗಿರುವ ಪಾಟಾವನ್ನು ಅದರ ಮೇಲಕ್ಕೆ ತರುವುದೂ ಉಂಟು. ಜಿಮ್ನಿಯಂಥ ಕಾಯಿಲ್ ಸ್ಪ್ರಿಂಗ್ ಗಾಡಿಗೆ ಎತ್ತರದ ಸ್ಪ್ರಿಂಗ್ ಅಥವಾ ಸ್ಪೇಸರ್ ಸಾಕು. 2020ರ ಥಾರ್‌ನ ಮುಂದಿನ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಶನ್ ಇರುವುದರಿಂದ ಅಲ್ಲಿ ಎತ್ತರಕ್ಕೆ ಮಿತಿ ಬೇಗ ಬರುತ್ತದೆ.

ಕೆಲಸ ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಡೆಯಬೇಕು. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್‌ಗೆ ಜಾಕ್ ಆಸರೆ ಕೊಡಬೇಕು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ನುಸುಳುವುದು ಪ್ರಾಣಾಪಾಯ. ಶಾಕ್ ಅಬ್ಸಾರ್ಬರ್, ಯು-ಬೋಲ್ಟ್ ಬಿಚ್ಚಿ ಹೊಸ ಸ್ಪ್ರಿಂಗ್ ಕೂರಿಸಿದ ಮೇಲೆ, ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದಾಗಲೇ ಬುಶ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಬೇಕು. ಒಂದಷ್ಟು ಓಡಿಸಿದ ಬಳಿಕ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿಯುವುದು ಕಡ್ಡಾಯ.

ಸ್ಪ್ರಿಂಗ್ ಎತ್ತರಿಸಿದರೆ ಕೆಲಸ ಮುಗಿಯುವುದಿಲ್ಲ. ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್‌ಗಳ ಉದ್ದ ಸಾಲದೆ ಹೋಗಬಹುದು. ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಹೆಚ್ಚಿ ಗಾಡಿ ಅದುರುತ್ತದೆ, ಶಾಫ್ಟ್ ಜಾಯಿಂಟ್‌ನ ಕ್ರಾಸ್ ಸವೆಯುತ್ತದೆ. ಕ್ಯಾಸ್ಟರ್ ಕೋನ ಕಡಿಮೆಯಾದರೆ ಸ್ಟೀರಿಂಗ್ ನೇರ ನಿಲ್ಲದೆ ಅಲೆಯುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟನ್ನು ಕೆಳಕ್ಕೆ ಹೊಂದಿಸಬೇಕು. ಗುರುತ್ವ ಕೇಂದ್ರ ಮೇಲೇರುವುದರಿಂದ ತಿರುವಿನಲ್ಲಿ ಮಗುಚುವ ಅಪಾಯವೂ ಹೆಚ್ಚು.

ಲಿಫ್ಟ್‌ನಿಂದ ಆಕ್ಸಲ್ ನೆಲದಿಂದ ಒಂದಿಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. ಮಳೆಗಾಲದಲ್ಲಿ ಚಿತ್ತಾಪುರ, ಸೇಡಂ ಕಡೆಯ ಎರೆಮಣ್ಣು ಟೈರಿನ ಸಂದುಗಳನ್ನೆಲ್ಲ ಮೆತ್ತಿಕೊಂಡು ಹಿಡಿತ ತಪ್ಪಿಸುತ್ತದೆ. ಅಲ್ಲಿ ಎತ್ತರಕ್ಕಿಂತ ಮಣ್ಣು ಕೊಡವಿಕೊಳ್ಳುವ ಅಗಲ ಸಂದಿನ ಟೈರ್ ಹೆಚ್ಚು ಉಪಯುಕ್ತ.

ಕಾನೂನೂ ಇದೆ. ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆದ್ದರಿಂದ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲು ವಿಚಾರಿಸಿ, ಆಮೇಲೆ ಪಾನಾ ಹಿಡಿಯುವುದು ಲೇಸು.