ಮಳೆಯೂರಿನ ಪಾಲು
ಸೌರಫಲಕಗಳಿಂದ ಉಪಗ್ರಹಕ್ಕೆ ದಕ್ಕುವ ವಿದ್ಯುತ್ತಿಗೆ ಮಿತಿಯಿದೆ. 2018ರ ಡಿಸೆಂಬರ್ 5ರಂದು ಉಡಾವಣೆಯಾದ ಇಸ್ರೋದ ಸಂವಹನ ಉಪಗ್ರಹ ಜಿಸ್ಯಾಟ್-11, ಬಳಕೆದಾರರನ್ನು 32 ಕಿರಣಗಳ ಮೂಲಕ ತಲುಪುತ್ತದೆ. ಅದು ಬಳಸುವ ಕೆಯು ಬ್ಯಾಂಡಿನ ಅಲೆಗಳನ್ನು ಜಡಿಮಳೆ ಹೀರಿಬಿಡುತ್ತದೆ. ಅಂಕೋಲಾ ತಾಲೂಕಿನ ಹಿಲ್ಲೂರಿನಂಥ ಊರಲ್ಲಿ ಆಷಾಢದ ಮಳೆ ಸಂಕೇತವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ, ಅದನ್ನು ಸರಿದೂಗಿಸಲು ಹತ್ತು ಪಟ್ಟು ಶಕ್ತಿ ಬೇಕು. ಹಾಗಾಗಿ ಯಾರನ್ನು ಸಂಪರ್ಕಕ್ಕೆ ಸೇರಿಸಿಕೊಳ್ಳಬೇಕು, ಯಾರಿಗೆಷ್ಟು ಶಕ್ತಿ ಕೊಡಬೇಕು ಎಂಬುದನ್ನು ಒಟ್ಟಿಗೇ ತೀರ್ಮಾನಿಸಬೇಕು.

ಬಂದವರನ್ನೆಲ್ಲ ಸೇರಿಸುವುದೇ ನ್ಯಾಯವಲ್ಲವೇ ಎನ್ನಬಹುದು. ಆದರೆ ಎಲ್ಲರ ಪಾಲೂ ಕನಿಷ್ಠಕ್ಕಿಂತ ಕೆಳಗಿಳಿದರೆ ಯಾರ ಮಾತೂ ದಾಟದು. ಬಿಸಿಲೂರಿನ ಹತ್ತು ಮಂದಿಗೆ ಸಾಲುವ ಶಕ್ತಿಯನ್ನು ಮಳೆಯೂರಿನ ಒಬ್ಬರಿಗೆ ಕೊಡುವುದು ನಷ್ಟವೆಂಬ ಲೆಕ್ಕವೂ ಸರಿಯೇ. ಆದರೆ 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ಮಳೆಗೆ ಗುಡ್ಡ ಕುಸಿಯಿತು. ಅಂಥ ದಿನ ಆ ಒಬ್ಬರು ಆರೋಗ್ಯ ಕೇಂದ್ರದವರಾಗಿರಬಹುದು. ಅವರಿಗಾಗಿ ಶಕ್ತಿ ಕಾಯ್ದಿರಿಸಿ, ಸಿನಿಮಾ ನೋಡುವವರ ವೇಗವನ್ನು ತುಸು ತಗ್ಗಿಸಿದರೆ ತಪ್ಪಿಲ್ಲ.