ಕಲ್ಪಿತ ಮಂತ್ರಶಾಲೆ ಮತ್ತು ನಟಿತ ಪವಾಡ: ಪುಣೆಯ ನಿದರ್ಶನದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕನ್ನಡದಲ್ಲಿ ‘ವಿದ್ಯೆ’ ಎಂಬ ಪದದ ಅರ್ಥವ್ಯಾಪ್ತಿ ಬಹು ವಿಶಾಲವಾದುದು. ವ್ಯಾಕರಣ, ತರ್ಕ, ವೈದ್ಯಗಳಂತೆ ಇಂದ್ರಜಾಲವೂ ವಿದ್ಯೆಯೇ. ಗಗನಸಂಚಾರದ ಶಕ್ತಿಯುಳ್ಳವನು ವಿದ್ಯಾಧರ. ಕಳ್ಳತನಕ್ಕೂ ‘ಕಳ್ಳವಿದ್ಯೆ’ ಎಂಬ ಹೆಸರುಂಟು. ಮಾಯಾಶಕ್ತಿಯು ಹುಟ್ಟಿನಿಂದಲೋ ವರದಿಂದಲೋ ಮಾತ್ರ ಲಭಿಸತಕ್ಕದ್ದಲ್ಲ, ಗುರುವಿನ ಬಳಿ ಕ್ರಮವಾಗಿ ಅಭ್ಯಾಸ ಮಾಡಿ ಪಡೆಯಬಹುದಾದದ್ದು ಎಂಬ ಗ್ರಹಿಕೆ ಈ ಬಳಕೆಯಲ್ಲಿ ಅಡಗಿದೆ. ಈಚಿನ ದಶಕಗಳಲ್ಲಿ ಜಗತ್ತಿನಾದ್ಯಂತ ಕಾಣಿಸಿಕೊಂಡಿರುವ ‘ಕಲ್ಪಿತ ಮಂತ್ರಶಾಲೆ’ ಎಂಬ ಓದುಗರ ಚಟುವಟಿಕೆಯನ್ನು ಈ ಗ್ರಹಿಕೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬ್ರಿಟಿಷ್ ಲೇಖಕಿ ಜೆ. ಕೆ. ರೋಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿಮಾಲೆಯ ಮೊದಲ ಸಂಪುಟ ೧೯೯೭ರಲ್ಲಿಯೂ ಏಳನೆಯ ಸಂಪುಟ ೨೦೦೭ರಲ್ಲಿಯೂ ಪ್ರಕಟವಾದವು. ಕಥೆ ನಡೆಯುವುದು ಹಾಗ್ವಾರ್ಟ್ಸ್ ಎಂಬ ವಸತಿಶಾಲೆಯಲ್ಲಿ. ಅಲ್ಲಿ ನಾಲ್ಕು ನಿಲಯಗಳು, ಏಳು ವರ್ಷಗಳ ವ್ಯಾಸಂಗ, ಮಂತ್ರ, ರೂಪಾಂತರ, ಪಾಕ, ಸಸ್ಯವಿದ್ಯೆ, ಮಂತ್ರವಿದ್ಯೆಯ ಇತಿಹಾಸ ಮುಂತಾದ ಪಾಠ್ಯವಿಷಯಗಳು, ಕೊನೆಗೆ ಪರೀಕ್ಷೆಗಳು ಇವೆ. ಈ ಕೃತಿಗಳ ಅಭಿಮಾನಿಗಳು ಅಂತರಜಾಲದಲ್ಲಿ ಬಳಗಗಳನ್ನು ಕಟ್ಟಿಕೊಂಡು ಆ ಶಾಲೆಯನ್ನೇ ನಡೆಸತೊಡಗಿದರು. ಒಬ್ಬರು ಅಧ್ಯಾಪಕರ ಪಾತ್ರ ವಹಿಸಿ ಪಾಠ ಬರೆಯುತ್ತಾರೆ. ಉಳಿದವರು ವಿದ್ಯಾರ್ಥಿಗಳಾಗಿ ಉತ್ತರ ಒಪ್ಪಿಸುತ್ತಾರೆ. ಅಂಕಗಳು ಆಯಾ ನಿಲಯದ ಖಾತೆಗೆ ಸೇರುತ್ತವೆ. ೨೦೧೪ರಲ್ಲಿ ಪೋಲೆಂಡಿನ ಚೋಖಾ ಕೋಟೆಯಲ್ಲಿ ಇಂಥ ಶಾಲೆಯೊಂದು ಕೆಲವು ದಿನಗಳ ಮಟ್ಟಿಗೆ ಪ್ರತ್ಯಕ್ಷವಾಗಿಯೇ ನಡೆಯಿತು.

ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಪಾಠದ ವಸ್ತು ಕಲ್ಪಿತವಾದರೂ ಪಾಠದ ಕ್ರಮ ಕಲ್ಪಿತವಲ್ಲ. ಇಲ್ಲದ ಸಸ್ಯವೊಂದರ ಬಗ್ಗೆ ಪಾಠ ಬರೆಯುವವನೂ ವರ್ಗೀಕರಣ, ಲಕ್ಷಣ, ಉಪಯೋಗ ಎಂಬ ಕ್ರಮವನ್ನು ಅನುಸರಿಸಬೇಕು. ಉತ್ತರಿಸುವವನು ಮೂಲಕೃತಿಯನ್ನು ಸೂಕ್ಷ್ಮವಾಗಿ ಓದಿರಬೇಕು. ಎರಡನೆಯದಾಗಿ, ಭಾಗವಹಿಸುವ ಎಲ್ಲರಿಗೂ ಇದು ನಟನೆಯೆಂಬ ಅರಿವು ಇದೆ. ಈ ಅರಿವೇ ಆಟದ ಅಡಿಪಾಯ. ನಟನೆ ಮರೆಯಾಗಿ ನಂಬಿಕೆ ಉಳಿದರೆ ಆಟ ಮುಗಿದು ಬೇರೇನೋ ಪ್ರಾರಂಭವಾಗುತ್ತದೆ.

ಕಲ್ಪಿತ ಶಾಲೆಯು ನಿಜವಾದ ಶಾಲೆಯ ಚೌಕಟ್ಟನ್ನು ಎರವಲು ಪಡೆಯುವುದು ಹೊಸತೇನಲ್ಲ. ಕನ್ನಡದ ಮೊದಲ ಉಪಲಬ್ಧ ಗದ್ಯಕೃತಿಯೆನಿಸಿದ ವಡ್ಡಾರಾಧನೆಯ ೧೯ ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಬಾಲ್ಯದ ಗೆಳೆಯರಿಬ್ಬರಲ್ಲಿ ಒಬ್ಬನು ಕಳ್ಳರ ಶಾಸ್ತ್ರವನ್ನು ಕಲಿತರೆ ಮತ್ತೊಬ್ಬನು ತಳವಾರನ ವಿದ್ಯೆಯನ್ನು ಕಲಿಯುತ್ತಾನೆ. ಕಳವು ಅಲ್ಲಿ ಅಭ್ಯಾಸದಿಂದ ಸಾಧಿಸತಕ್ಕ ಶಾಸ್ತ್ರ. ಇಂಥ ಕಥೆಗಳನ್ನು ಕೇಳುತ್ತಿದ್ದ ಸಮಾಜಕ್ಕೆ ನಿಜವಾದ ವಿದ್ಯಾಕೇಂದ್ರಗಳ ಪರಿಚಯವಿತ್ತು. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. ೧೦೫೮ರ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ ವೇದಾಭ್ಯಾಸಿಗಳಾದ ೨೦೦ ವಿದ್ಯಾರ್ಥಿಗಳಿಗೂ, ಉಪಾಧ್ಯಾಯರಿಗೂ, ೬ ಮಂದಿ ಸರಸ್ವತೀಭಂಡಾರಿಗರಿಗೂ, ಅಂದರೆ ಗ್ರಂಥಪಾಲಕರಿಗೂ, ಮಾಡಿದ ಏರ್ಪಾಡನ್ನು ದಾಖಲಿಸುತ್ತದೆ. ಶಾಲೆಯ ಶಿಸ್ತು ಎಲ್ಲರಿಗೂ ತಿಳಿದದ್ದಾಗಿದ್ದರೆ ಮಾತ್ರ ಮಾಯೆಯ ಶಾಲೆಯನ್ನು ಕಲ್ಪಿಸಿ ನಂಬಿಸಲು ಸಾಧ್ಯ.

ಈಗ ಪುಣೆಗೆ ಬರೋಣ. ಕನ್ನಡ ಸಂಘವೂ ಅದರ ಶಾಲೆಗಳೂ ಇರುವ ಈ ನಗರದಲ್ಲಿ ಮಂತ್ರದ ಪಾಠ ಮತ್ತೊಂದು ರೂಪದಲ್ಲಿ ನಡೆದಿದೆ. ವೈದ್ಯರೂ, ಪುಣೆಯ ‘ಸಾಧನಾ’ ವಾರಪತ್ರಿಕೆಯ ಸಂಪಾದಕರೂ ಆಗಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರು ೧೯೮೯ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯನ್ನು ಸ್ಥಾಪಿಸಿದರು. ಸಮಿತಿಯ ಕಾರ್ಯಕರ್ತರು ಶಾಲೆಗಳಿಗೆ ಹೋಗಿ ಪವಾಡಗಳನ್ನು ಮಾಡಿ ತೋರಿಸುತ್ತಾರೆ. ಉರಿಯುವ ಕರ್ಪೂರವನ್ನು ನಾಲಗೆಯ ಮೇಲಿಡುತ್ತಾರೆ, ಬರಿಗೈಯಿಂದ ವಿಭೂತಿ ಉದುರಿಸುತ್ತಾರೆ. ಮಕ್ಕಳು ಬೆರಗಾದ ಮೇಲೆ ಅದರ ಕ್ರಮವನ್ನು ಬಿಡಿಸಿ ಹೇಳುತ್ತಾರೆ. ಇಲ್ಲಿಯೂ ಅಧ್ಯಾಪಕನು ಮಂತ್ರವಾದಿಯ ಪಾತ್ರಧಾರಿಯೇ. ಆದರೆ ಅಭಿಮಾನಿಗಳ ಶಾಲೆಯಲ್ಲಿ ನಟನೆ ಕೊನೆಯವರೆಗೆ ಮುಂದುವರಿದರೆ, ಇಲ್ಲಿ ನಟನೆಯನ್ನು ಕಳಚುವುದೇ ಪಾಠ.

ಕನ್ನಡ ಮನೆಗಳಿಗೆ ಪರಿಚಿತವಾದ ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಅದು ಕೆಂಪಾಗುತ್ತದೆ. ಶುಭಕಾರ್ಯಗಳಲ್ಲಿ ಈ ಓಕುಳಿಯಿಂದ ಆರತಿ ಎತ್ತುವ ಮುತ್ತೈದೆಯರು ಅದನ್ನು ಪವಾಡವೆನ್ನುವುದಿಲ್ಲ. ಅದೇ ಬಣ್ಣದ ಬದಲಾವಣೆಯನ್ನು ಕಾರಣ ಮುಚ್ಚಿಟ್ಟು ‘ನಿಮ್ಮ ಮನೆಗೆ ಮಾಟವಾಗಿದೆ, ಇದು ರಕ್ತ’ ಎಂದು ತೋರಿಸಿದರೆ ಭಯ ಹುಟ್ಟುತ್ತದೆ, ಹಣ ಕೈಬದಲಾಗುತ್ತದೆ. ದ್ರವ್ಯವೂ ಕ್ರಿಯೆಯೂ ಒಂದೇ. ಭೇದವಿರುವುದು ತಿಳಿವಳಿಕೆಯನ್ನು ಹಂಚುವುದರಲ್ಲಿ ಮತ್ತು ಮುಚ್ಚಿಡುವುದರಲ್ಲಿ.

ಮಧ್ಯಕಾಲೀನ ಕನ್ನಡ ಸಾಹಿತ್ಯದ ಅಭ್ಯಾಸಿಗೆ ಈ ಪ್ರಶ್ನೆ ಹೊರಗಿನದಲ್ಲ. ಮರಾಠಿಯಲ್ಲಿ ‘ಪೋವಾಡಾ’ ಎಂದರೆ ವೀರರ ಸಾಹಸವನ್ನು ಹಾಡುವ ಲಾವಣಿ. ಕನ್ನಡದಲ್ಲಿ ‘ಪವಾಡ’ ಎಂದರೆ ಶರಣರ ಅಲೌಕಿಕ ಮಹಿಮೆ. ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುವು ಸಿದ್ಧನಾದ ಗೋರಕ್ಷನನ್ನು ಎದುರಾಗುವ ಪ್ರಸಂಗವಿದೆ. ತೆಲುಗು ಮತ್ತು ತಮಿಳಿಗೂ ಹೋದ ಕಾವ್ಯವಿದು. ಗೋರಕ್ಷನ ವಜ್ರಕಾಯಕ್ಕೆ ಕತ್ತಿ ತಾಗಿ ಸದ್ದಾಗುತ್ತದೆ, ಗಾಯವಾಗುವುದಿಲ್ಲ. ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಇದೂ ಪವಾಡವೇ, ನಿಜ. ಆದರೆ ಅದರ ಗುರಿ ಬೆರಗಲ್ಲ. ದೇಹವನ್ನು ಗಟ್ಟಿಮಾಡಿಕೊಳ್ಳುವುದೇ ಸಿದ್ಧಿಯೆಂಬ ಗೋರಕ್ಷನ ಭ್ರಮೆಯನ್ನು ಬಿಡಿಸುವುದು. ಸಿದ್ಧಿಯ ಪ್ರದರ್ಶನವನ್ನು ಸಿದ್ಧಿಯ ವಿಮರ್ಶೆಯನ್ನಾಗಿ ಪರಿವರ್ತಿಸುವ ಈ ಕ್ರಮವನ್ನು ಪುಣೆಯ ತರಗತಿಯ ಪಕ್ಕದಲ್ಲಿಟ್ಟು ನೋಡಬಹುದು. ಎರಡರ ತತ್ತ್ವ ಬೇರೆ, ಬೋಧನೆಯ ರೀತಿ ಸಮೀಪದ್ದು.

ಕರ್ನಾಟಕದಲ್ಲಿ ೧೯೭೬ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗಾಗಿ ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸುವುದು ವಿಶ್ವವಿದ್ಯಾನಿಲಯದ ಕರ್ತವ್ಯವೆಂಬ ನಿಲುವು ಅದರ ಹಿಂದಿತ್ತು. ಇಂಥ ಪಾಠಕ್ಕೆ ತೆರಬೇಕಾದ ಬೆಲೆ ಮುಂದೆ ಘೋರವಾಯಿತು. ೨೦೧೩ರ ಆಗಸ್ಟ್ ೨೦ರಂದು ಪುಣೆಯ ಓಂಕಾರೇಶ್ವರ ದೇವಾಲಯದ ಬಳಿಯ ಸೇತುವೆಯ ಮೇಲೆ ಬೆಳಗಿನ ನಡಿಗೆಯಲ್ಲಿದ್ದ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದಲ್ಲಿ, ವಚನ ಮತ್ತು ಶಾಸನಗಳ ಸಂಶೋಧಕ ಡಾ. ಎಂ. ಎಂ. ಕಲಬುರ್ಗಿಯವರು ತಮ್ಮ ಮನೆಯಲ್ಲಿಯೇ ಹತರಾದರು. ದಾಭೋಲ್ಕರ್ ಪ್ರಕರಣದಲ್ಲಿ ಪುಣೆಯ ವಿಶೇಷ ನ್ಯಾಯಾಲಯವು ೨೦೨೪ರ ಮೇ ತಿಂಗಳಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ ಮೂವರನ್ನು ಖುಲಾಸೆಗೊಳಿಸಿತು.

ದಾಭೋಲ್ಕರ್ ಅವರು ವರ್ಷಗಳ ಕಾಲ ಒತ್ತಾಯಿಸಿದ್ದ ಕಾಯಿದೆ ಅವರ ಹತ್ಯೆಯ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು ೨೦೧೩ರ ಡಿಸೆಂಬರಿನಲ್ಲಿ ಶಾಸನಸಭೆಯ ಅಂಗೀಕಾರ ಪಡೆಯಿತು. ಕರ್ನಾಟಕವು ೨೦೧೭ರಲ್ಲಿ ಇಂಥದೇ ಅಧಿನಿಯಮವನ್ನು ರೂಪಿಸಿತು. ಪವಾಡವನ್ನು ಪ್ರದರ್ಶಿಸಿ ಹಣ ಗಳಿಸುವುದನ್ನೂ ಜನರನ್ನು ವಂಚಿಸಿ ಬೆದರಿಸುವುದನ್ನೂ ಮಹಾರಾಷ್ಟ್ರದ ಕಾಯಿದೆ ಅಪರಾಧವೆನ್ನುತ್ತದೆ; ಗತಿಸಿದ ಸಂತರ ಪವಾಡಗಳನ್ನು ಹೇಳುವುದನ್ನು ಅಪರಾಧವೆನ್ನುವುದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಭೇದ ಮಹತ್ವದ್ದು. ಚಾಮರಸನನ್ನು ಓದುವುದು ಒಂದು, ಅವನ ಕಥೆಯನ್ನು ತೋರಿಸಿ ರೋಗಿಯಿಂದ ಹಣ ಕೀಳುವುದು ಮತ್ತೊಂದು.

ಈ ಮೂರು ಶಾಲೆಗಳನ್ನು, ಅಂದರೆ ಅಭಿಮಾನಿಗಳ ಕಲ್ಪಿತ ಶಾಲೆ, ಪುಣೆಯ ಪವಾಡದ ತರಗತಿ ಮತ್ತು ಕಾವ್ಯದ ಸಿದ್ಧರ ಸಂವಾದ ಇವನ್ನು, ಒಟ್ಟಿಗೆ ಪರಿಶೀಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಾಯೆಯ ಕಲ್ಪನೆ ತನ್ನಷ್ಟಕ್ಕೆ ವಿವೇಕಕ್ಕೆ ಶತ್ರುವಲ್ಲ. ಅದನ್ನು ಕಲ್ಪನೆಯೆಂದು ಒಪ್ಪಿ ಆಡುವಲ್ಲಿ ಓದು ಬೆಳೆಯುತ್ತದೆ. ಬಿಡಿಸಿ ತೋರಿಸುವಲ್ಲಿ ವಿಚಾರ ಬೆಳೆಯುತ್ತದೆ. ಮುಚ್ಚಿಟ್ಟು ಮಾರುವಲ್ಲಿ ಮಾತ್ರ ಭಯ ಬೆಳೆಯುತ್ತದೆ. ಸಿದ್ಧರ ಮತ್ತು ಸಂತರ ಪವಾಡಕಥನಗಳು ಮರಾಠಿ, ತೆಲುಗು, ತಮಿಳುಗಳಲ್ಲಿಯೂ ವಿಪುಲವಾಗಿವೆ. ಹೊರನಾಡಿನ ಸಂಶೋಧಕರು ಆ ಕಥೆಗಳಿಗೆ ‘ಇದು ನಡೆಯಿತೇ?’ ಎಂಬ ಪ್ರಶ್ನೆಯೊಂದನ್ನೇ ಹಾಕದೆ, ‘ಇದು ಕೇಳುಗನಿಗೆ ಏನನ್ನು ಕಲಿಸಲು ಹೊರಟಿದೆ, ಏನನ್ನು ಅವನಿಂದ ಮರೆಮಾಡುತ್ತದೆ?’ ಎಂದೂ ಕೇಳುವುದಾದರೆ ತೌಲನಿಕ ಅಧ್ಯಯನಕ್ಕೆ ಫಲವತ್ತಾದ ಕ್ಷೇತ್ರವೊಂದು ತೆರೆದುಕೊಳ್ಳುವುದರಲ್ಲಿ ಸಂದೇಹವಿಲ್ಲ.